ಗುಂಡಿ ತೋಡುವ ಮುನ್ನ ಒಂದು ಮಾತು



ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಆಡಿದ ಮಾತನ್ನು ಓದುವುದಕ್ಕೆ ಅನುಕೂಲವಾಗುವ ಹಾಗೆ ಇಲ್ಲಿ ಕೊಟ್ಟಿದ್ದೇನೆ. ರೇಡಿಯೋದಲ್ಲಿ ಕೇಳಿದ್ದು ಗಾಳಿಯಲ್ಲಿ ಹೋಗಿಬಿಡುತ್ತದೆ. ಇದು ಕೈಯಲ್ಲಿರಲಿ, ಊರಿಗೆ ಫೋನು ಮಾಡುವಾಗ ಬೇಕಾದೀತು. ಯಾಕೆಂದು ಮುಂದೆ ಹೇಳುತ್ತೇನೆ.

ಅಂಧೇರಿ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಭವನ್ಸ್ ಕಾಲೇಜಿನ ಕಡೆ ಓಡಾಡಿದವರೆಲ್ಲ ಅದನ್ನು ನೋಡಿಯೇ ಇರುತ್ತೀರಿ. ಕಟ್ಟಡಗಳ ಸಂದಿಯಲ್ಲಿ ತಟ್ಟನೆ ಎದ್ದು ನಿಂತ ಒಂದು ಕಪ್ಪು ಬಂಡೆ. ಹೆಸರು ಗಿಲ್ಬರ್ಟ್ ಹಿಲ್. ಎತ್ತರ 200 ಅಡಿ, ಅಂದರೆ ಸುಮಾರು 61 ಮೀಟರ್. ನೆತ್ತಿಯ ಮೇಲೆ ಗಾಂವ್‌ದೇವಿಯ ಗುಡಿ, ಹತ್ತುವುದಕ್ಕೆ ಬಂಡೆಯಲ್ಲೇ ಮೆಟ್ಟಿಲು. ಈ ಬಂಡೆಯ ವಯಸ್ಸು ಆರು ಕೋಟಿ ವರ್ಷಕ್ಕೂ ಮಿಗಿಲು. ದಖನ್ ಪ್ರಸ್ಥಭೂಮಿಯನ್ನೆಲ್ಲ ಲಾವಾರಸ ಮುಚ್ಚಿದ ಕಾಲದಲ್ಲಿ, ಆ ರಸ ಆರುತ್ತ ಕಂಬ ಕಂಬವಾಗಿ ಸೀಳಿ ಗಟ್ಟಿಯಾದದ್ದು. ಅಮೆರಿಕದ ವಯೋಮಿಂಗ್‌ನಲ್ಲಿ ಡೆವಿಲ್ಸ್ ಟವರ್ ಎಂಬ ಇಂಥದೇ ಕಲ್ಲಿನ ಸ್ತಂಭವಿದೆ. ಅದರ ಸುತ್ತ ಹುಲ್ಲುಗಾವಲು, ಪೈನ್ ಮರ, ಮೈಲಿಗಟ್ಟಲೆ ಬಯಲು. ನಮ್ಮದರ ಸುತ್ತ ಚಾಳು, ಝೋಪಡಪಟ್ಟಿ, ಬಹುಮಹಡಿ ಕಟ್ಟಡ, ಗ್ಯಾರೇಜು.

ಯಾಕೆ ಹೀಗಾಯಿತು? ಈ ಸುತ್ತಲಿನ ನೆಲದಲ್ಲಿ ವರ್ಷಾನುಗಟ್ಟಲೆ ಕಲ್ಲು ಒಡೆದರು. ಬೆಳೆಯುವ ನಗರಕ್ಕೆ ಜಲ್ಲಿ ಬೇಕಿತ್ತು, ಅಡಿಪಾಯಕ್ಕೆ ಕಲ್ಲು ಬೇಕಿತ್ತು. ಜೋಗೇಶ್ವರಿಯ ಕಡೆ ಇದ್ದ ಇಂಥದೇ ಕಂಬಗಳ ಸಾಲು ಹಾಗೆಯೇ ಒಡೆದುಹೋಯಿತು. ಇದೊಂದು ಉಳಿಯಿತು. 2007ರಲ್ಲಿ ಮುಂಬಯಿ ಮಹಾನಗರಪಾಲಿಕೆ ಇದನ್ನು ಎರಡನೇ ದರ್ಜೆಯ ಪರಂಪರೆಯ ತಾಣವೆಂದು ಘೋಷಿಸಿತು. ಒಳ್ಳೆಯದೇ. ಆದರೆ ಅಷ್ಟು ಹೊತ್ತಿಗೆ ಬಂಡೆಯ ಬುಡದವರೆಗೂ ಮನೆಗಳು ಬಂದಾಗಿತ್ತು. ಕಲ್ಲು ತೆಗೆದು ಮುಗಿದ ಮೇಲೆ ಈ ನೆಲ ಏನಾಗಬೇಕು ಎಂದು ಯಾರಾದರೂ ಮೊದಲೇ ಯೋಚಿಸಿ ಬರೆದಿಟ್ಟ ಲಕ್ಷಣ ಅಲ್ಲಿ ಒಂದೂ ಕಾಣುವುದಿಲ್ಲ. ಯೋಜನೆ ಇಲ್ಲದ ನೆಲ ಯಾರು ಮೊದಲು ಬಂದರೋ ಅವರದಾಗುತ್ತದೆ.

ಇದು ಅಂಧೇರಿಯ ಕತೆಯಾಯಿತು. ಈಗ ನಿಮ್ಮ ಕತೆಗೆ ಬರುತ್ತೇನೆ.

ನಮ್ಮ ಕೇಳುಗರಲ್ಲಿ ಬಹಳ ಮಂದಿಗೆ ಉಡುಪಿ, ಕಾರ್ಕಳ, ಕುಂದಾಪುರ, ಬಂಟ್ವಾಳ, ಪುತ್ತೂರು, ಕಾಸರಗೋಡಿನ ಕಡೆ ಸ್ವಲ್ಪವಾದರೂ ಜಾಗವಿದೆ. ಕೆಳಗೆ ಗದ್ದೆ, ನಡುವೆ ತೋಟ, ಮೇಲೆ ಗುಡ್ಡೆ. ಗದ್ದೆಯನ್ನು ಯಾರೋ ನೋಡಿಕೊಳ್ಳುತ್ತಾರೆ, ತೋಟಕ್ಕೆ ತಮ್ಮ ನೀರು ಬಿಡುತ್ತಾನೆ. ಗುಡ್ಡೆಯನ್ನು ಕೇಳುವವರಿಲ್ಲ. ಒಂದು ದಿನ ಸಂಜೆ, ನೀವು ಲೋಕಲ್ ಟ್ರೇನಿನಿಂದ ಇಳಿಯುತ್ತಿರುವಾಗಲೇ ಫೋನು ಬರುತ್ತದೆ.

"ಅಣ್ಣ, ಗುಡ್ಡೆ ಜಾಗ ಸುಮ್ಮನೆ ಬಿದ್ದಿದೆಯಲ್ಲ, ಮುರಕಲ್ಲಿನವರು ಬಂದು ಕೇಳ್ತಿದ್ದಾರೆ. ಎರಡು ವರ್ಷಕ್ಕೆ ಕೊಟ್ಟರೆ ಒಳ್ಳೆ ದುಡ್ಡು ಕೊಡ್ತಾರಂತೆ. ನೀವೊಂದು ಸಹಿ ಹಾಕಿ ಕಳಿಸಿದರೆ ಸಾಕು."

ದುಡ್ಡು ಬೇಡವೆಂದು ಯಾರು ಹೇಳುತ್ತಾರೆ? ಮಗಳ ಕಾಲೇಜು ಫೀಸಿದೆ, ಮನೆಯ ಸಾಲದ ಕಂತಿದೆ. ಕಲ್ಲು ತೆಗೆಯಲೇಬಾರದು ಎಂದು ಹೇಳುವುದಕ್ಕೆ ನಾನು ಬಂದಿಲ್ಲ. ಊರಿನ ನಮ್ಮ ಮನೆಗಳೆಲ್ಲ ಮುರಕಲ್ಲಿನ ಮೇಲೆಯೇ ನಿಂತಿವೆ. ಆದರೆ ಆ ಫೋನಿನಲ್ಲಿ ಒಂದು ಪ್ರಶ್ನೆ ಯಾವಾಗಲೂ ಬಿಟ್ಟುಹೋಗುತ್ತದೆ. ಎರಡು ವರ್ಷ ಕಳೆದ ಮೇಲೆ ಆ ಜಾಗ ಏನಾಗುತ್ತದೆ? ಮೊದಲು ಕೇಳಬೇಕಾದದ್ದು ಅದನ್ನೇ.

ಈ ಮುರಕಲ್ಲು ಸಾಮಾನ್ಯ ಕಲ್ಲಲ್ಲ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ನಮ್ಮ ಪಕ್ಕದ ಮಲಬಾರಿನಲ್ಲೇ. ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ದಕ್ಷಿಣ ಭಾರತವನ್ನೆಲ್ಲ ಸುತ್ತಿ, ಜನ ಇದನ್ನು ಇಟ್ಟಿಗೆಯ ಹಾಗೆ ಕತ್ತರಿಸುವುದನ್ನು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ ಈ ಹೆಸರು ಕಟ್ಟಿದ. ನೆಲದಲ್ಲಿರುವಾಗ ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಮೈತುಂಬ ತೂತು. ಮಳೆಗಾಲದಲ್ಲಿ ಗುಡ್ಡೆಯ ಮೇಲೆ ಬಿದ್ದ ನೀರನ್ನು ಈ ತೂತುಗಳು ಹೀರಿ ಹಿಡಿದುಕೊಳ್ಳುತ್ತವೆ. ಆಮೇಲೆ ನಿಧಾನವಾಗಿ ಕೆಳಗೆ ಬಿಡುತ್ತವೆ. ನಿಮ್ಮ ಮನೆಯ ಬಾವಿಯಲ್ಲಿ ಏಪ್ರಿಲ್‌ನಲ್ಲೂ ನೀರಿದ್ದರೆ ಅದರ ಹಿಂದೆ ಈ ಗುಡ್ಡೆ ಇದೆ. ಕಾಸರಗೋಡು, ಪುತ್ತೂರಿನ ಕಡೆ ಗುಡ್ಡೆಯ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗಗಳು ನಿಮಗೆ ಗೊತ್ತಲ್ಲ? ಪಂಪಿಲ್ಲದೆ, ಹಗ್ಗವಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಆ ನೀರೂ ಈ ಗುಡ್ಡೆ ಹೀರಿಟ್ಟುಕೊಂಡದ್ದೇ.

ಇನ್ನು "ಸುಮ್ಮನೆ ಬಿದ್ದ ಜಾಗ" ಎಂಬ ಮಾತು. ಕನ್ನಡ ಓದಿದ ನನಗೆ ಈ ಮಾತು ಸ್ವಲ್ಪ ಚುಚ್ಚುತ್ತದೆ. ಪಾಳು, ಬಂಜರು, ಪರಂಬೋಕು ಎಂದೆಲ್ಲ ನಾವು ನೆಲಕ್ಕೆ ಹೆಸರಿಡುತ್ತೇವೆ. ಅಲ್ಲಿ ಭತ್ತ ಬೆಳೆಯುವುದಿಲ್ಲ, ಅಡಿಕೆ ಬೆಳೆಯುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಆದರೆ ಜೂನ್ ಕಳೆದು ಸೆಪ್ಟೆಂಬರ್ ಬರುವ ಹೊತ್ತಿಗೆ ಅದೇ ಬೋಳು ಪಾರೆಯ ಮೇಲೆ ಅಂಗೈಯಷ್ಟು ಮಣ್ಣಿನಲ್ಲಿ, ಚೊಂಬಿನಷ್ಟು ನೀರಿನಲ್ಲಿ ನೀಲಿ ಬಿಳಿ ಹಳದಿ ಹೂ ತುಂಬುತ್ತದೆ. ಈ ಹೂಗಿಡಗಳಲ್ಲಿ ಕೆಲವು ಪಶ್ಚಿಮ ಕರಾವಳಿಯ ಇಂಥ ಪಾರೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ದನ ಮೇಯುವುದೂ ಅಲ್ಲೇ. ಜಾಗ ಸುಮ್ಮನೆ ಬಿದ್ದಿಲ್ಲ, ನಾವು ಸುಮ್ಮನೆ ನೋಡಿಲ್ಲ, ಅಷ್ಟೇ.

ಈ ಮುರಕಲ್ಲಿನ ಹೊದಿಕೆಯ ಅಡಿಯಲ್ಲಿ ಶೇಡಿ ಮಣ್ಣಿದೆ. ಬಿಳಿಯ, ಹಳದಿಯ, ನುಣುಪಾದ ಮಣ್ಣು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಜಾರುತ್ತದೆ. ಕಲ್ಲು ಕತ್ತರಿಸುತ್ತ ಕತ್ತರಿಸುತ್ತ ಶೇಡಿ ತಲುಪಿದರೆ ಎರಡು ತೊಂದರೆ. ಒಂದು, ಗುಂಡಿಯ ಗೋಡೆ ಮಳೆಗೆ ಕುಸಿಯುತ್ತದೆ. ಎರಡು, ಕೊಚ್ಚಿಹೋದ ಶೇಡಿ ಕೆಳಗಿನ ಗದ್ದೆಗೆ ಇಳಿದು ಹಾಸುತ್ತದೆ. ಜೊತೆಗೆ ಮೂರನೆಯದೊಂದಿದೆ, ಹೇಳುವುದಕ್ಕೆ ಸಂಕಟ. ಬಿಟ್ಟುಹೋದ ಕೋರೆಯಲ್ಲಿ ಮಳೆನೀರು ತುಂಬಿ, ಈಜಲು ಇಳಿದ ಮಕ್ಕಳು ಮೇಲೆ ಬರಲಿಲ್ಲ ಎಂಬ ಸುದ್ದಿಯನ್ನು ಊರಿನ ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ. ಕೋರೆಯ ಗೋಡೆ ಯಂತ್ರದಲ್ಲಿ ಕತ್ತರಿಸಿದ್ದು, ಗೆರೆ ಎಳೆದ ಹಾಗೆ ನೆಟ್ಟಗೆ. ಕೈಗೆ ಹಿಡಿಯಲು ಒಂದು ಬೇರಿಲ್ಲ, ಕಾಲಿಡಲು ಒಂದು ಮೆಟ್ಟಿಲಿಲ್ಲ. ಒಂದು ಬದಿಯನ್ನು ಇಳಿಜಾರು ಮಾಡಿಟ್ಟಿದ್ದರೆ ಆ ಮಗು ನಡೆದು ಮೇಲೆ ಬರುತ್ತಿತ್ತು. ಯಂತ್ರ ಅಲ್ಲೇ ಇರುವಾಗ ಅದು ಅರ್ಧ ದಿನದ ಕೆಲಸ. ಯಂತ್ರ ಹೋದ ಮೇಲೆ ಯಾರ ಕೆಲಸವೂ ಅಲ್ಲ.

ಗಣಿ ಮುಗಿದ ನೆಲವನ್ನು ಮತ್ತೆ ಬದುಕುವ ಹಾಗೆ ಮಾಡುವುದಕ್ಕೆ ಒಂದು ಶಾಸ್ತ್ರವೇ ಇದೆ. ಅದರ ತಿರುಳು ಇಷ್ಟೇ: ಈ ಕೆಲಸ ಗಣಿ ಮುಗಿದ ಮೇಲೆ ಶುರುವಾಗುವುದಿಲ್ಲ, ಗಣಿ ಶುರುವಾಗುವ ಮೊದಲೇ ಶುರುವಾಗುತ್ತದೆ. ಅದರ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಮೇಲ್ಮಣ್ಣು. ನೆಲದ ಮೇಲಿನ ಒಂದು ಗೇಣು, ಹೆಚ್ಚೆಂದರೆ ಎರಡು ಗೇಣು ಮಣ್ಣಿನಲ್ಲೇ ಬೀಜ, ಬೇರು, ಎರೆಹುಳ, ಕಣ್ಣಿಗೆ ಕಾಣದ ಜೀವಾಣು ಎಲ್ಲ ಇರುವುದು. ಇಷ್ಟು ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಜೆಸಿಬಿ ಇದನ್ನು ಒಂದು ಬೆಳಗಿನಲ್ಲಿ ಕೆರೆದು ಕಲ್ಲಿನ ಚೂರಿನ ಜೊತೆ ಬೆರೆಸಿ ತಳ್ಳಿಬಿಡುತ್ತದೆ. ಹಾಗಾಗಬಾರದು. ಮೊದಲು ಅದನ್ನು ಬೇರೆಯಾಗಿ ತೆಗೆದು ತಗ್ಗಾದ ರಾಶಿ ಹಾಕಬೇಕು. ಬಹಳ ಎತ್ತರ ಪೇರಿಸಿದರೆ ಒಳಗೆ ಗಾಳಿಯಾಡದೆ ಮಣ್ಣು ಸಾಯುತ್ತದೆ. ರಾಶಿಯ ಮೇಲೆ ಸೆಣಬು, ಹುರುಳಿಯಂಥ ದ್ವಿದಳದ ಬೀಜ ಚೆಲ್ಲಿ ಹಸಿರು ಹೊದಿಸಬೇಕು. ವರ್ಷಗಟ್ಟಲೆ ಇಡದೆ ಬೇಗ ವಾಪಸು ಹಾಸಬೇಕು.

ಎರಡನೆಯದು ಇಳಿಜಾರು. ಸಡಿಲ ಮಣ್ಣು ಸುರಿದರೆ ಅದು ಸುಮಾರು 35 ಡಿಗ್ರಿಯ ಕೋನದಲ್ಲಿ ತಾನಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ. ಮಳೆ ಬಂದಾಗ ಗೊತ್ತಾಗುವುದು. ಅದಕ್ಕೇ ಗಣಿಗಳಿಗೆ ಪರಿಸರ ಅನುಮತಿ ಕೊಡುವಾಗ ಮಣ್ಣಿನ ರಾಶಿಯ ಒಟ್ಟು ಇಳಿಜಾರು 28 ಡಿಗ್ರಿ ಮೀರಬಾರದು ಎಂಬಂಥ ಷರತ್ತು ಹಾಕುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಬುಡಕ್ಕೆ ಕಲ್ಲಿನ ತಡೆಗೋಡೆ ಕಟ್ಟಿ, ಮೇಲೆ ತೆಂಗಿನ ನಾರಿನ ಬಲೆ ಹಾಸುತ್ತಾರೆ. ನಾರಿನ ಬಲೆ ಕೆಲವು ಮಳೆಗಾಲ ಮಣ್ಣನ್ನು ಹಿಡಿದು, ಅಷ್ಟರಲ್ಲಿ ಹುಲ್ಲಿನ ಬೇರಿಗೆ ಕೆಲಸ ಒಪ್ಪಿಸಿ, ತಾನು ಗೊಬ್ಬರವಾಗುತ್ತದೆ. ಮಳೆಗೆ ಸಿಕ್ಕ ಇಳಿಜಾರು ಏನು ಮಾಡುತ್ತದೆ ಎಂದು ಅಂಧೇರಿಯವರಿಗೆ ನಾನು ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಸಾಕಿನಾಕಾದಲ್ಲಿ ಗುಡ್ಡ ಕುಸಿದು ಎಷ್ಟು ಮನೆಗಳು ಮಣ್ಣಿನಡಿ ಹೋದವೆಂದು ನೆನಪಿದೆಯಲ್ಲ?

ಮೂರನೆಯದು ನೀರು. ಗುಂಡಿಯ ಸುತ್ತ ಹಾರದ ಹಾಗೆ ಚರಂಡಿ ತೋಡಿ, ಹೊರಗಿನ ನೀರು ಒಳಗೆ ನುಗ್ಗದಂತೆ ತಿರುಗಿಸಬೇಕು. ಒಳಗಿನ ಕೆಸರುನೀರು ನೇರ ತೋಡಿಗೆ ಹೋಗದೆ ಒಂದೆರಡು ಹೊಂಡಗಳಲ್ಲಿ ನಿಂತು ತಿಳಿಯಾಗಿ ಹೋಗಬೇಕು.

ನಾಲ್ಕನೆಯದು ಗಿಡ. ಇಲ್ಲೇ ಬಹಳ ಜನ ಎಡವುವುದು. ಮೊದಲು ಹುಲ್ಲು, ದ್ವಿದಳ; ಆಮೇಲೆ ಅಲ್ಲಿನದೇ ಪೊದೆ; ಕೊನೆಗೆ ಅಲ್ಲಿನದೇ ಮರ. ಆದರೆ ನಮಗೆ ಅವಸರ. ಬೇಗ ಹಸಿರು ಕಾಣಬೇಕು, ಫೋಟೋ ತೆಗೆಯಬೇಕು. ಹಾಗಾಗಿ ಅಕೇಶಿಯಾ ನೆಡುತ್ತೇವೆ. ಹಸಿರೇನೋ ಆಗುತ್ತದೆ. ಅದರಡಿ ಹುಲ್ಲು ಸರಿಯಾಗಿ ಹುಟ್ಟುವುದಿಲ್ಲ, ದನಕ್ಕೆ ಮೇವಾಗುವುದಿಲ್ಲ. ದೂರದಿಂದ ಕಂಡ ಹಸಿರೆಲ್ಲ ಕಾಡಲ್ಲ.

ಈ ನಾಲ್ಕೂ ವಿಷಯ ದೊಡ್ಡ ಪ್ರಮಾಣದಲ್ಲಿ ಹೇಗಿರುತ್ತವೆ ಎಂದು ನೋಡಲು ನಮ್ಮ ಕುದುರೆಮುಖಕ್ಕೆ ಹೋಗೋಣ. ಕಾರ್ಕಳದಿಂದ ಘಾಟಿ ಹತ್ತಿದರೆ ಸಿಗುವ ಊರು. ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಇಳಿಸುತ್ತಿದ್ದರು. ಆ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಹಾಗಾಗಿ ಅರೆದು ಉಳಿದ ಕೆಸರೇ ಹೆಚ್ಚು. ಅದನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಮಳೆಯೋ, ವರ್ಷಕ್ಕೆ 6000 ಮಿಲಿಮೀಟರಿಗೂ ಮೇಲೆ, ಅಂದರೆ ನಮ್ಮ ಮುಂಬಯಿಯ ಎರಡೂವರೆ ಪಟ್ಟು. ಬಗೆದ ಬೆಟ್ಟದ ಮಣ್ಣು ಭದ್ರಾ ನದಿಗೆ ಇಳಿಯುತ್ತಿತ್ತು. 1987ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಮುಂಬಯಿ ಪ್ರಳಯ ಕಂಡ ಅದೇ ವರ್ಷ.

ಗಣಿ ನಿಂತಿತು. ನೆಲದ ಲೆಕ್ಕ ಮುಗಿಯಿತೇ? ಇಲ್ಲ. ಕುದುರೆಮುಖದ ಸಹಜ ರೂಪವೆಂದರೆ ಶಿಖರದ ಮೇಲೆ ಹುಲ್ಲುಗಾವಲು, ಕಣಿವೆಯಲ್ಲಿ ಶೋಲಾ ಕಾಡು. ಗಣಿಯ ಕಾಲದಲ್ಲಿ ನೆಟ್ಟ ಗಿಡಗಳಲ್ಲಿ ಅಕೇಶಿಯಾದಂಥ ಹೊರಗಿನ ಮರಗಳೂ ಇದ್ದವು. ಹುಲ್ಲುಗಾವಲಿಗೆ ಮರ ನೆಡುವುದೆಂದರೆ ಗದ್ದೆಗೆ ರಬ್ಬರ್ ಹಾಕಿದ ಹಾಗೆ. ಕೆಟ್ಟದ್ದೆಂದು ಯಾರೂ ಬೈಯುವುದಿಲ್ಲ, ಆದರೆ ಗದ್ದೆ ಹೋಯಿತು. ಇನ್ನೊಂದು ವಿಷಯ ಕೇಳಿ. 2024ರ ಜೂನ್‌ನಲ್ಲಿ ಇದೇ ಕಂಪನಿಗೆ ಸಂಡೂರಿನ ದೇವದಾರಿಯಲ್ಲಿ ಹೊಸ ಗಣಿಗೆ ಅರಣ್ಯಭೂಮಿ ಕೊಡುವ ಮಾತು ಬಂದಾಗ, ಕುದುರೆಮುಖದ ಷರತ್ತುಗಳು ಇನ್ನೂ ಬಾಕಿ ಇವೆ, ಅವು ಮುಗಿಯುವವರೆಗೆ ಭೂಮಿ ಹಸ್ತಾಂತರ ಬೇಡ ಎಂದು ರಾಜ್ಯದ ಅರಣ್ಯ ಸಚಿವರು ಸೂಚನೆ ಕೊಟ್ಟರು. ಗಣಿ ನಿಂತು ಹದಿನೆಂಟು ವರ್ಷ ಕಳೆದ ಮೇಲೂ ಬಾಕಿಯ ಮಾತು!

ಸಂಡೂರಿನ ಹೆಸರು ಬಂತು. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿಗಳ ಕತೆ ನಿಮಗೆಲ್ಲ ಗೊತ್ತಿರುವುದೇ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈನಲ್ಲಿ ಬಂತು. ಅದೇ ತಿಂಗಳು 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್‌ನಲ್ಲಿ ಉಳಿದೆರಡು ಜಿಲ್ಲೆಗಳಲ್ಲೂ ನಿಲ್ಲಿಸಿತು. 166 ಗುತ್ತಿಗೆಗಳನ್ನು ಪರಿಶೀಲಿಸಿ ಎ, ಬಿ, ಸಿ ಎಂದು ವಿಂಗಡಿಸಿದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಮತ್ತೆ ಗಣಿ ತೆರೆಯಬೇಕಾದರೆ ಮೊದಲು ಒಂದೊಂದು ಗಣಿಗೂ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ ಬೇಕು ಎಂದಾಯಿತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತಿನವರು ಇಂಥ ಯೋಜನೆಗಳನ್ನು ಬರೆದರು. ನಾನು ಮೇಲೆ ಹೇಳಿದ ತಡೆಗೋಡೆ, ಹಾರದ ಚರಂಡಿ, ಕೆಸರಿನ ಹೊಂಡ, ನಾರಿನ ಬಲೆ ಎಲ್ಲವೂ ಅವುಗಳಲ್ಲಿ ಬರುತ್ತವೆ.

ಆದರೆ ಯಾವಾಗ? ಬೆಟ್ಟ ಕರಗಿದ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ. ದುಡ್ಡಿನ ಲೆಕ್ಕದಲ್ಲೇ ನೋಡಿ. ದೊಡ್ಡ ಗಣಿಗಳು ಮುಚ್ಚುವಿಕೆಯ ಯೋಜನೆ ಕೊಡಬೇಕು, ಅದಕ್ಕೆ ಭದ್ರತೆಯಾಗಿ ಹಣ ಕಟ್ಟಬೇಕು ಎಂಬ ನಿಯಮ ದೇಶದಲ್ಲಿ ಬಂದದ್ದೇ 2003ರಲ್ಲಿ. ಆಗ ದೊಡ್ಡ ಗಣಿಗೆ ಹೆಕ್ಟೇರಿಗೆ 25 ಸಾವಿರ ರೂಪಾಯಿ. 2017ರ ನಿಯಮದಲ್ಲಿ ಅದು 3 ಲಕ್ಷವಾಯಿತು, ಆಮೇಲೆ ಇನ್ನಷ್ಟು ಏರಿತು. ಬಳ್ಳಾರಿಯಲ್ಲಿ ಗಡಿ ಮೀರಿ ಬಗೆದವರಿಗೆ ಕೋರ್ಟು ಹಾಕಿದ ಪರಿಹಾರದ ಮೊತ್ತ ಅಕ್ರಮ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಅಕ್ರಮ ಮಣ್ಣಿನ ರಾಶಿಗೆ ಹೆಕ್ಟೇರಿಗೆ 1 ಕೋಟಿ. ಎರಡೂ ಒಂದೇ ಬಗೆಯ ಲೆಕ್ಕವಲ್ಲ, ನಿಜ. ಆದರೂ ಮೊದಲೇ ಯೋಚಿಸುವುದಕ್ಕೆ ಎಷ್ಟು, ಆಮೇಲೆ ಸರಿಪಡಿಸುವುದಕ್ಕೆ ಎಷ್ಟು ಎಂಬುದರ ಅಂದಾಜು ಇದರಿಂದ ಸಿಗುತ್ತದೆ. ಈಗ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಇದೆ, ಅದನ್ನು ನಡೆಸಲು ರಾಜ್ಯ ಸರ್ಕಾರದ್ದೇ ಒಂದು ನಿಗಮವಿದೆ, ಮೇಲ್ವಿಚಾರಣೆಗೆ 2022ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಇಷ್ಟೆಲ್ಲ ಇದ್ದರೂ, ಹೋದ ಬೆಟ್ಟ ಹೋದದ್ದೇ.

ನಿರಾಶೆಯ ಮಾತನ್ನೇ ಆಡಿ ನಿಮ್ಮನ್ನು ಕಳಿಸುವುದಿಲ್ಲ. ಸರಿಯಾಗಿ ಮಾಡಿದವರೂ ಇದ್ದಾರೆ.

ಕೀನ್ಯಾ ದೇಶದ ಮೊಂಬಾಸಾ ಬಳಿ ಬಾಂಬುರಿ ಸಿಮೆಂಟ್ ಕಾರ್ಖಾನೆಯ ಸುಣ್ಣದ ಕಲ್ಲಿನ ಗಣಿಯಿತ್ತು. ಕಲ್ಲು ತೆಗೆದ ಮೇಲೆ ಉಳಿದದ್ದು ಬಿಸಿಲಿಗೆ ಕಾದ ಬಿಳಿ ಬಯಲು, ಅಡಿಯಲ್ಲಿ ಉಪ್ಪು ನೀರು. 1971ರಲ್ಲಿ ರೆನೆ ಹಾಲರ್ ಎಂಬ ಸ್ವಿಸ್ ತಜ್ಞರು ಅಲ್ಲಿ 26 ಜಾತಿಯ ಗಿಡ ನೆಟ್ಟು ನೋಡಿದರು. ಉಳಿದದ್ದು ಮೂರೇ. ಅದರಲ್ಲೊಂದು ಗಾಳಿಮರ, ನಮ್ಮ ಕಡಲತೀರದಲ್ಲೂ ಸುಂಯ್ಯೆನ್ನುವ ಅದೇ ಮರ. ಮರ ಬೆಳೆಯಿತು, ಆದರೆ ಅದರ ಸೂಜಿಯೆಲೆ ಬಿದ್ದು ಹಾಗೇ ಒಣಗಿ ನಿಂತಿತು, ಮಣ್ಣಾಗಲಿಲ್ಲ. ಆಗ ಅವರ ಕಣ್ಣಿಗೆ ಬಿದ್ದದ್ದು ಸಹಸ್ರಪದಿ, ಮಳೆಗಾಲದಲ್ಲಿ ಮನೆಯೊಳಗೆ ಬಂತೆಂದು ನಾವು ಪೊರಕೆ ಹಿಡಿಯುವ ಚೋರಟೆ. ಅದು ಆ ಎಲೆ ತಿನ್ನುವುದನ್ನು ನೋಡಿ, ಸಾವಿರಾರು ಚೋರಟೆ ತಂದು ಬಿಟ್ಟರು. ಎಲೆ ಗೊಬ್ಬರವಾಯಿತು, ಗೊಬ್ಬರದಲ್ಲಿ ಬೇರೆ ಗಿಡ ಹುಟ್ಟಿತು. ಇಂದು ಅಲ್ಲಿ ಕಾಡಿದೆ, ನೀರಾನೆ ಇದೆ, ಜಿರಾಫೆ ಇದೆ. ನೆಲವನ್ನು ಎಬ್ಬಿಸಿದ್ದು ನಾವು ಗುಡಿಸಿ ಹೊರಗೆ ಹಾಕುವ ಒಂದು ಹುಳು!

ನಮ್ಮ ದೇಶದಲ್ಲೇ ನೋಡಬೇಕೆಂದರೆ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಅರಾವಳಿ ಜೀವವೈವಿಧ್ಯ ಉದ್ಯಾನವಿದೆ, ಸುಮಾರು 380 ಎಕರೆ. ಹಿಂದೆ ಅದು ಬಗೆದು ಬಿಟ್ಟ ಗಣಿಯ ನೆಲ, ತುಂಬ ವಿಲಾಯತಿ ಕೀಕರ್ ಎಂಬ ಮುಳ್ಳು ಮರ. ಆ ಮರ ಬೇರೆ ಯಾವುದೂ ಅಲ್ಲ, ನಮ್ಮ ಬಳ್ಳಾರಿ ಜಾಲಿ! 2010ರಿಂದ ಊರಿನ ನಾಗರಿಕರು, ಗಿಡ ಬಲ್ಲವರು, ನಗರಪಾಲಿಕೆ ಸೇರಿ ಅರಾವಳಿಯದೇ ಗಿಡಗಳ ಬೀಜ ಹುಡುಕಿ ತಂದು ಬೆಳೆಸಿದರು. 2022ರಲ್ಲಿ ಸಂರಕ್ಷಿತ ಅರಣ್ಯದ ಹೊರಗೆ ಜೀವವೈವಿಧ್ಯ ಕಾಪಾಡುವ ದೇಶದ ಮೊದಲ ತಾಣವೆಂಬ ಮನ್ನಣೆ ಅದಕ್ಕೆ ಸಿಕ್ಕಿತು.

ಯೋಚನೆಯಿಲ್ಲದೆ ಬಿಟ್ಟ ಗುಂಡಿಯ ಗತಿ ನೋಡಬೇಕಾದರೆ ಬೆಂಗಳೂರಿಗೆ ಹೋದರಾಯಿತು. ನಗರದ ಉತ್ತರಕ್ಕೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಗಣಿಯ ಗುಂಡಿಗಳಿಗೆ ಇಡೀ ಊರಿನ ಕಸ ಬಂದು ಬಿತ್ತು. ಗುಂಡಿ ಖಾಲಿ ಇದೆ ಎಂದರೆ ಕಸದ ಲಾರಿಗೆ ದಾರಿ ಸಿಕ್ಕಿತೆಂದೇ ಅರ್ಥ.

ಈಗ ಮತ್ತೆ ನಿಮ್ಮ ಗುಡ್ಡೆಗೆ. ಮುರಕಲ್ಲು ಸರ್ಕಾರದ ಲೆಕ್ಕದಲ್ಲಿ ಉಪ ಖನಿಜ. ಸಣ್ಣ ಜಾಗವಾದರೆ ಕಾನೂನಿಲ್ಲ ಎಂದುಕೊಳ್ಳಬೇಡಿ. ಐದು ಹೆಕ್ಟೇರಿಗಿಂತ ಕಡಿಮೆಯ ಗಣಿಗೂ ಪರಿಸರ ಅನುಮತಿ ಬೇಕೆಂದು 2012ರ ಫೆಬ್ರವರಿಯಲ್ಲೇ ಸುಪ್ರೀಂ ಕೋರ್ಟು ಹೇಳಿದೆ. 2020ರ ಜನವರಿಯಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಹೇಳಿತು: ಗಣಿ ಮುಗಿಸಿದವರು ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು, ಗಿಡ, ಪ್ರಾಣಿಗಳಿಗೆ ತಕ್ಕ ಸ್ಥಿತಿಗೆ ತರಬೇಕು, ಗುತ್ತಿಗೆಯಲ್ಲೇ ಈ ಷರತ್ತು ಇರಬೇಕು. ಇಷ್ಟು ದೊಡ್ಡ ನ್ಯಾಯಾಲಯ ಹುಲ್ಲಿನ ಬಗ್ಗೆ ಮಾತಾಡಿತು ಎಂಬುದು ನನಗೆ ಬಹಳ ಹಿಡಿಸಿತು.

ಹಾಗಾದರೆ ಸಹಿ ಹಾಕುವ ಮುನ್ನ ನೀವೇನು ಕೇಳಬೇಕು? ಐದು ಮಾತು ಹೇಳುತ್ತೇನೆ, ಬೇಕಾದರೆ ಗುರುತು ಹಾಕಿಕೊಳ್ಳಿ.

ಒಂದು, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಪತ್ರದ ಪ್ರತಿ ನಿಮ್ಮ ಕೈಗೆ ಬರಲಿ. ಎಷ್ಟು ಜಾಗ, ಎಷ್ಟು ಆಳ ಎಂದು ಅದರಲ್ಲಿ ಓದಿಕೊಳ್ಳಿ. ಕೋರೆಯವರು ನಾಳೆ ಬೇರೆ ಗುಡ್ಡೆಗೆ ಹೋಗುತ್ತಾರೆ, ಆರ್‌ಟಿಸಿಯಲ್ಲಿ ಹೆಸರು ನಿಮ್ಮದೇ ಉಳಿಯುತ್ತದೆ.

ಎರಡು, ಮೇಲ್ಮಣ್ಣನ್ನು ಎಲ್ಲಿ ರಾಶಿ ಹಾಕುತ್ತೀರಿ ಎಂದು ಕೇಳಿ. ಉತ್ತರ ಬಾರದಿದ್ದರೆ ಅವರು ಅದರ ಬಗ್ಗೆ ಯೋಚಿಸಿಲ್ಲ ಎಂದರ್ಥ.

ಮೂರು, ಕೆಲಸ ಮುಗಿದ ದಿನ ಗುಂಡಿ ಯಾವ ಆಕಾರದಲ್ಲಿರಬೇಕು ಎಂದು ಕರಾರಿನಲ್ಲಿ ಬರೆಸಿ. ಶೇಡಿ ಕಾಣುವ ಮೊದಲೇ ಆಳ ನಿಲ್ಲಬೇಕು. ಗೋಡೆ ಮೆಟ್ಟಿಲು ಮೆಟ್ಟಿಲಾಗಿರಬೇಕು. ಒಂದು ಬದಿ ನಡೆದು ಹತ್ತುವಂಥ ಇಳಿಜಾರಾಗಿರಬೇಕು. ಸುತ್ತ ಬೇಲಿ ಇರಬೇಕು, ಕೆಲಸ ನಡೆಯುವಾಗಲೂ, ಮುಗಿದ ಮೇಲೂ.

ನಾಲ್ಕು, ಮುಂದೆ ಆ ಜಾಗ ಏನಾಗಬೇಕೆಂದು ಮನೆಯವರೆಲ್ಲ ಸೇರಿ ಈಗಲೇ ತೀರ್ಮಾನಿಸಿ. ಮಳೆನೀರಿನ ಕೆರೆಯೇ? ಹಾಗಾದರೆ ನೀರು ಒಳಬರುವ, ಹೆಚ್ಚಾದದ್ದು ಹೊರಹೋಗುವ ದಾರಿ ಬೇಕು. ಗೇರು, ಹಲಸಿನ ತೋಟವೇ? ಹಾಗಾದರೆ ಕಲ್ಲಿನ ಚೂರು, ಹುಡಿಯನ್ನು ಅಡಿಗೆ ತುಂಬಿ ಮೇಲ್ಮಣ್ಣನ್ನು ಮೇಲೆ ಹಾಸಬೇಕು. ಮತ್ತೆ ಹುಲ್ಲಿನ ಗುಡ್ಡೆಯೇ? ಆ ಹುಲ್ಲಿನ ಬೀಜವನ್ನು ಗುಂಡಿ ತೋಡುವ ಮೊದಲೇ ಅಲ್ಲಿಂದಲೇ ಕೂಡಿಡಬೇಕು. ಪಕ್ಕದ ಮನೆಯವರ ಬಾವಿ, ಸುರಂಗ ಎಲ್ಲಿವೆ ಎಂದೂ ನೋಡಿ. ನಿಮ್ಮ ಗುಡ್ಡೆಯ ನೀರು ಅವರ ಕೊಡಕ್ಕೆ ಹೋಗುತ್ತಿರಬಹುದು.

ಐದು, ಹಣದ ಒಂದು ಪಾಲನ್ನು ಕೆಲಸ ಮುಗಿಯುವವರೆಗೆ ಕೋರೆಯವರಿಂದ ಠೇವಣಿಯಾಗಿ ಇಡಿಸಿಕೊಳ್ಳಿ. ನೆಲ ಸರಿಯಾಯಿತು, ಒಂದೆರಡು ಮಳೆಗಾಲ ತಡೆಯಿತು ಎಂದು ಕಂಡ ಮೇಲೆ ವಾಪಸು ಕೊಡಿ. ಸರ್ಕಾರ ದೊಡ್ಡ ಗಣಿಗಳಿಗೆ ಮಾಡುವುದೂ ಇದನ್ನೇ.

ಇಷ್ಟು ಕೇಳಿದರೆ ಕೋರೆಯವರು ಬೇಡವೆಂದು ಎದ್ದು ಹೋದಾರು ಎಂದು ನಿಮ್ಮ ತಮ್ಮ ಹೇಳಬಹುದು. ಹೋಗಲಿ. ಇಷ್ಟಕ್ಕೆ ಎದ್ದು ಹೋಗುವವರು ನಾಳೆ ಗುಂಡಿಯನ್ನೂ ಹಾಗೇ ಬಿಟ್ಟು ಹೋಗುವವರೇ. ನಿಲ್ಲುವವರ ಜೊತೆ ವ್ಯವಹಾರ ಮಾಡಿ.

ಮುಂಬಯಿಯಲ್ಲಿ ನಾವು ಹತ್ತಡಿ ಹತ್ತಡಿ ಖೋಲಿಗೆ ಎಷ್ಟು ಚೌಕಾಸಿ ಮಾಡುತ್ತೇವೆ! ಅಗ್ರಿಮೆಂಟಿನ ಒಂದೊಂದು ಸಾಲನ್ನೂ ವಕೀಲರಿಗೆ ತೋರಿಸುತ್ತೇವೆ. ಅಜ್ಜ ಬಿಟ್ಟುಹೋದ ಎರಡು ಎಕರೆ ಗುಡ್ಡೆಗೆ ಮಾತ್ರ ಫೋನಿನಲ್ಲಿ "ಹೂಂ, ನೋಡು, ನಿನಗೆ ಸರಿಕಂಡ ಹಾಗೆ ಮಾಡು" ಎಂದುಬಿಡುತ್ತೇವೆ. ತಮ್ಮನ ತಪ್ಪಲ್ಲ ಅದು. ಅವನು ಕೇಳಿದ್ದು ಸಹಿಯನ್ನು, ಅದರ ಜೊತೆ ನಾಲ್ಕು ಪ್ರಶ್ನೆಯನ್ನೂ ಕಳಿಸಿದರೆ ಅವನಿಗೂ ಬಲ ಬರುತ್ತದೆ. ಊರಲ್ಲಿರುವವನು ಒಬ್ಬನೇ ನಿಂತು ಕೇಳುವುದು ಕಷ್ಟ. "ಬೊಂಬಾಯಿಯಿಂದ ಅಣ್ಣ ಕೇಳ್ತಿದ್ದಾರೆ" ಎಂದರೆ ಆ ಮಾತಿಗೆ ಬೇರೆಯೇ ತೂಕ.

ನಿಮ್ಮ ಊರಿನಲ್ಲಿ ಹಳೆಯ ಕೋರೆಯೊಂದು ಕೆರೆಯಾಗಿ, ತೋಟವಾಗಿ ಬದಲಾದದ್ದಿದ್ದರೆ ನಮಗೆ ಬರೆದು ತಿಳಿಸಿ. ಹೇಗೆ ಮಾಡಿದರು, ಎಷ್ಟು ವರ್ಷ ಹಿಡಿಯಿತು, ಏನು ಗಿಡ ಬಂತು ಎಂದು ಬರೆಯಿರಿ. ಕಾರ್ಯಕ್ರಮದಲ್ಲಿ ಓದುತ್ತೇನೆ, ಇನ್ನೊಂದು ಮನೆಯವರಿಗೆ ಉಪಯೋಗವಾಗುತ್ತದೆ.

ಮುಂದಿನ ಕಾರ್ಯಕ್ರಮದಲ್ಲಿ ಮತ್ತೆ ಸಿಗೋಣ. ಕೇಳುತ್ತಿರಿ, ಕನ್ನಡದಲ್ಲೇ ಮಾತಾಡುತ್ತಿರಿ. ನಮಸ್ಕಾರ.